ಅರ್ಧ ಇಂಚು ಆಳ

ಡಾಲ್ಡಾ ಡಬ್ಬಿಯ ತಗಡು ಕತ್ತರಿಸಿ
ಅಪ್ಪ ಮಾಡಿಕೊಂಡ ಚಂದ್ರ ಒಂದೇ.
ಕೋಡು ಮೇಲೆ ಮಾಡಿ ಕಲ್ಲಿನ ಮೇಲಿಟ್ಟರೆ
ಶಿವನ ಜಡೆಗೆ,
ತುಸು ಓರೆ ಮಾಡಿದರೆ
ದಸ್ತಗೀರ ಮುಲ್ಲಾನ ತಾಯಿಯ ಗೋರಿಗೆ.
ಸೀಮೆಸುಣ್ಣದಲ್ಲಿ ಸುತ್ತ ಗೀಟೆಳೆದು
ಮೊಳೆಗೆ ತೂಗುಹಾಕುತ್ತಿದ್ದ; ಗಾಳಿ ಬಂದಾಗ
ಅದು ತಾನೇ ತಿರುಗಿ
ಎಲ್ಲರ ಕಡೆಗೂ ಒಮ್ಮೊಮ್ಮೆ ನೋಡುತ್ತಿತ್ತು.

ಬೆಳಗಾವಿಯಲ್ಲಿ, ಖಾನಾಪುರ ರಸ್ತೆಯ ಪಕ್ಕ
ನಮ್ಮ ತಗಡಿನ ಚಪ್ಪರ.
ನನಗೆ ಹನ್ನೊಂದು. ಶಾಲೆ ಬಿಟ್ಟ ಮೇಲೆ
ಉಳಿಯ ಮೊನೆಗೆ ನೀರು ಬಿಡುವುದು ನನ್ನ ಕೆಲಸ.
ಆ ವಾರ ಚೌಗಲೆಯವರ ಪಾರಿಸಣ್ಣ ಹೇಳಿದ್ದ ಕಲ್ಲು,
ಬಸದಿಯ ಬಾಗಿಲ ಮೇಲೆ ಕೂರಬೇಕಾದದ್ದು:
ಕೆಳಗೆ ಸ್ವಸ್ತಿಕ, ಅದರ ಮೇಲೆ ಮೂರು ಚುಕ್ಕಿ,
ಎಲ್ಲಕ್ಕೂ ಮೇಲೆ ಮತ್ತದೇ ತಗಡಿನ ಚಂದ್ರ,
ಚಂದ್ರನ ಮಡಿಲಲ್ಲೊಂದು ಚುಕ್ಕಿ.
ಸ್ವಸ್ತಿಕ ಮುಗಿದಿತ್ತು. ಕರಿಕಲ್ಲಿನಲ್ಲಿ
ತೊಳೆದ ಹಲ್ಲಿನಂತೆ ಬೆಳ್ಳಗೆ,
ರಸ್ತೆಗೆ ಮುಖ ಮಾಡಿ ನಿಂತಿತ್ತು.

ಆಟೋದಿಂದ ಇಳಿದಳು ಆ ಹೆಂಗಸು.
ಅರವತ್ತರ ಮೇಲಿರಬಹುದು; ಬಿಸಿಲಿಗೆ ಕೆಂಪಾದ ಕುತ್ತಿಗೆ,
ಕೈಯಲ್ಲಿ ಮಡಿಚಿದ ಕಾಗದ.
ಕ್ಯಾಂಪಿನ ಹಳೆ ಗೋರಿಗಳಲ್ಲಿ
ಅವಳ ಮುತ್ತಜ್ಜನದೊಂದಿದೆಯಂತೆ,
ಅಕ್ಷರ ಸವೆದಿವೆಯಂತೆ.
ನಾಲ್ಕು ಹೆಜ್ಜೆ ಬಂದಳು. ನಿಂತಳು.
ಕಪ್ಪು ಕನ್ನಡಕ ತೆಗೆದಳು.
ಮುಖದ ರಕ್ತವೆಲ್ಲ ಎಲ್ಲೋ ಇಳಿದುಹೋಯಿತು.

‘ನಾಯಿಗಿ ಅಂಜ್ಯಾಳ, ಕಟ್ಟವಾ ಅದನ್ನ’ ಅಂದ ಅಪ್ಪ.
ಮೋತಿಯನ್ನು ಎಳೆದು ಕಂಬಕ್ಕೆ ಕಟ್ಟಿದೆ.
ಅವಳು ಬರಲಿಲ್ಲ.
ಮೋತಿ ಬೊಗಳದ ನಾಯಿ, ಇದ್ದದ್ದು ಬರೀ ಬಾಲ;
ಆದರೂ ಅದರ ಬಾಯಿಗೆ ಗೋಣಿದಾರ ಸುತ್ತಿದೆ.
ಆಗಲೂ ಬರಲಿಲ್ಲ.
ಆಟೋದವನ ಕೈಗೆ ಕಾಗದ ಕೊಟ್ಟು
ರಸ್ತೆಯಾಚೆಯ ಬೇವಿನ ನೆರಳಲ್ಲಿ
ನಮಗೆ ಬೆನ್ನು ಮಾಡಿ ನಿಂತಳು.

ಕೈತಾನ ಕ್ಯಾಂಪಿನವನು, ಇಂಗ್ಲಿಷ್ ಬಲ್ಲವನು,
ದನಿ ಇಳಿಸಿ ಹೇಳಿದ:
‘ನಾಯಿ ಅಲ್ಲೋ ಮಾವಾ, ಆ ಕಲ್ಲು.
ಇಂಥಾ ಗುರ್ತಿನ ಬಾವುಟ ಹಿಡಕೊಂಡ ಬಂದವರು
ಅವಳ ಅಜ್ಜಿ ತವರಿನವರನ್ನ ರೈಲಿಗೆ ತುಂಬಿದ್ರಂತ.
ಹದಿನೇಳು ಮಂದಿ.
ಒಬ್ರೂ ತಿರುಗಿ ಬರಲಿಲ್ಲಂತ.’

ಅಪ್ಪ ಉಳಿ ಕೆಳಗಿಟ್ಟ.
ಕಲ್ಲು ನೋಡಿದ, ತನ್ನ ಕೈ ನೋಡಿಕೊಂಡ.
ದೀಪಾವಳಿಗೆ ವಹಿಯ ಮೊದಲ ಹಾಳೆಗೆ,
ನನ್ನ ತೊಟ್ಟಿಲಿಗೆ,
ಅವ್ವ ಅರಿಸಿನದಲ್ಲಿ ಬರೆದಿದ್ದೂ ಇದೇ.
ಗೋಣಿಚೀಲ ತಂದು ಹೊದಿಸಿದ.
ಮೋತಿಯ ಬಾಯಿಯ ದಾರ ಬಿಚ್ಚು ಎಂದ.

ಕಾಗದ ಬಿಡಿಸಿದರೆ ಓದಲಾಗದ ಅಕ್ಷರ, ಮೇಲೆ
ಒಂದರೊಳಗೊಂದು ಹೆಣೆದ ಎರಡು ಮುಕ್ಕೋನ.
‘ಅಯ್ಯ, ಇದು ನಮ್ಮ ದೇವಿ ಯಂತ್ರ!’
ಅಜ್ಜನ ತಾಯಿತದಲ್ಲಿದ್ದ ಅದೇ ಆರು ಮೂಲೆ.
ಕೈತಾನ ಅಲ್ಲ ಅನ್ನಲು ಬಾಯಿ ತೆರೆದು
ಮುಚ್ಚಿದ.

ಮೂರು ದಿನ ಸೈಕಲ್ಲಿಗೆ ಉಳಿ ಕಟ್ಟಿಕೊಂಡು
ಅಪ್ಪನೇ ಕ್ಯಾಂಪಿಗೆ ಹೋಗಿಬಂದ.
ಕೂಲಿಯ ಜೊತೆ ಅವಳು ಕೊಟ್ಟ ಬಿಸ್ಕತ್ತು
ನಾನೂ ಮೋತಿಯೂ ತಿಂದೆವು.

ಆಮೇಲೆ ಪಾರಿಸಣ್ಣ ಬಂದ.
‘ಯಾಕ ಮುಚ್ಚಿಯೋ ಭೀಮಶಿ, ನಾಚಿಕಿ ಏನ ಇದಕ?’
‘ಬಿಸಲಿಗೆ, ಸಾವಕಾರ್ರ.’
ಕರಿಕಲ್ಲಿಗೆ ಎಂಥ ಬಿಸಿಲು.
ಪಾರಿಸಣ್ಣ ನಗುತ್ತ ಗೋಣಿ ಸರಿಸಿ
ಒಂದೊಂದು ತೋಳಿನ ಮೇಲೂ ಬೆರಳಾಡಿಸಿದ:
‘ಇದು ದೇವರ ಜಲ್ಮ. ಇದು ಮನಷ್ಯಾರದು.
ಇದು ನಾಯಿ, ನರಿ, ಹಕ್ಕಿ, ಹುಳದ್ದು.
ಇದು ನರಕ.
ಜೀವ ಈ ನಾಕರಾಗ ಸುತ್ತತೈತಿ.’

ಅಪ್ಪ ಕಲ್ಲಿನತ್ತ ಬಾಗಿದ.
‘ನರಕಾನೂ ಇದರಾಗ ಐತೇನ್ರಿ?’
‘ಮೊದಲಿಂದ ಐತಿ.’
‘ಯಾವ ತೋಳ ಅಂದ್ರಿ?’
ಪಾರಿಸಣ್ಣ ಮತ್ತೆ ತೋರಿಸಲು ಹೋದ,
ಬೆರಳು ಒಂದರಿಂದ ಇನ್ನೊಂದಕ್ಕೆ ಸರಿದು
ಗಾಳಿಯಲ್ಲೇ ನಿಂತಿತು.

ಅವನು ಹೋದ ಮೇಲೆ
ಅಪ್ಪ ನನ್ನ ಕೈಗೆ ಅಳತೆಪಟ್ಟಿ ಕೊಟ್ಟ.
ಒಂದೊಂದು ತೋಳಿಗೂ ಇಳಿಸಿ ನೋಡಿದೆ.
ಅರ್ಧ ಇಂಚು. ಅರ್ಧ ಇಂಚು. ಅರ್ಧ ಇಂಚು.
ನಾಲ್ಕನೆಯದರಲ್ಲಿ ಕಲ್ಲಿನ ಹುಡಿ ಕೂತಿತ್ತು;
ಬಗ್ಗಿ ಊದಿದೆ,
ಕಣ್ಣಿಗೆ ಬಿತ್ತು.